ಇಂಗ್ಲಿಷಿನ ಎಂಟು, ಕನ್ನಡದ ನಾಲ್ಕು: ಕೊರಳೆಲುಬಿನ ಬೆಲ್ಟು ಕಟ್ಟಿಕೊಂಡ ಒಂದು ಮಳೆಗಾಲ

ಕಳೆದ ಮಳೆಗಾಲದಲ್ಲಿ ಎಡಗಡೆಯ ಕೊರಳೆಲುಬು ಮುರಿದುಕೊಂಡು, ಶಿರಸಿಯ ಔಷಧಿ ಅಂಗಡಿಯೊಂದರಲ್ಲಿ 480 ರೂಪಾಯಿ ಕೊಟ್ಟು ‘ಕ್ಲಾವಿಕಲ್ ಬ್ರೇಸ್’ ಎಂಬ ಬೆಲ್ಟನ್ನೂ, 130 ರೂಪಾಯಿ ಕೊಟ್ಟು ಕೈ ತೂಗುಹಾಕಿಕೊಳ್ಳುವ ಬಟ್ಟೆಯ ಜೋಳಿಗೆಯನ್ನೂ ಕೊಂಡೆ. ಬೆಲ್ಟನ್ನು ಹದಿನೆಂಟು ದಿನ, ಜೋಳಿಗೆಯನ್ನು ಆರು ವಾರ ಬಳಸಿದ ಮೇಲೆ ಎರಡರ ಗುಣದೋಷಗಳೂ ನನಗೆ ಬಾಯಿಪಾಠವಾಗಿವೆ. ಬೆಲ್ಟು ತಯಾರಿಸಿದ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿದ್ದ ಬೇರೆ ಎರಡು ಕಂಪನಿಗಳ ಬೆಲ್ಟುಗಳನ್ನೂ ಬಿಚ್ಚಿಸಿ ನೋಡಿದ್ದೆ. ಬಣ್ಣವೊಂದನ್ನು ಬಿಟ್ಟರೆ ಹೊಲಿಗೆಯಲ್ಲಾಗಲಿ ಮೆತ್ತೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಾದ್ದರಿಂದ, ನಾನು ಬರೆಯುತ್ತಿರುವುದು ಈ ಜಾತಿಯ ಬೆಲ್ಟುಗಳಿಗೆಲ್ಲ ಸುಮಾರಾಗಿ ಹೊಂದುತ್ತದೆ ಎಂದುಕೊಂಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲೆ ಅಚ್ಚು ಹಾಕಿದ ಕೆಲಸವನ್ನು ಬೆಲ್ಟು ಮಾಡುವುದಿಲ್ಲ, ಅಚ್ಚು ಹಾಕದ ಒಂದು ಕೆಲಸವನ್ನು ಮಾತ್ರ ತಕ್ಕಮಟ್ಟಿಗೆ ಮಾಡುತ್ತದೆ. ಕೊಂಡರೆ ಜೋಳಿಗೆಯನ್ನು ಕೊಳ್ಳಬೇಕು. ಬೆಲ್ಟನ್ನು ವೈದ್ಯರು ಒತ್ತಿ ಹೇಳಿದರೆ ಮಾತ್ರ ಕೊಳ್ಳಬೇಕು, ಅದೂ ಎದೆಯ ಸುತ್ತಳತೆ ತೆಗೆದುಕೊಂಡ ಮೇಲೆ.

ಬಿದ್ದದ್ದು ಹೀಗೆ. ನಮ್ಮ ಮನೆಯ ಅಂಗಳದಿಂದ ತೋಟಕ್ಕೆ ಇಳಿಯುವಲ್ಲಿ ಇಪ್ಪತ್ತೆರಡು ಚಿರೇಕಲ್ಲಿನ ಮೆಟ್ಟಿಲುಗಳಿವೆ. ಶ್ರಾವಣದಲ್ಲಿ ಅವುಗಳ ಮೇಲೆ ಹಾವಸೆ ಕಟ್ಟುತ್ತದೆಂಬುದು ಮನೆಯ ಮಕ್ಕಳಿಗೂ ಗೊತ್ತು. ಅದಕ್ಕಾಗಿಯೇ ಪ್ರತಿವರ್ಷ ಮಳೆ ಹಿಡಿಯುವ ಮೊದಲು ಸುಣ್ಣ ಎರಚುತ್ತಿದ್ದೆವು, ಕಳೆದ ವರ್ಷ ಎರಚಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಮದ್ದು ಹೊಡೆಯುವ ದಿನ, ಮೈಲುತುತ್ತಿನ ನೀರಿನ ಕೊಡವನ್ನು ಬಲಗೈಯಲ್ಲಿ ಹಿಡಿದು ಇಳಿಯುತ್ತಿದ್ದವನು ಹತ್ತನೆಯ ಮೆಟ್ಟಿಲಲ್ಲಿ ಜಾರಿದೆ. ಕೈ ಊರುವುದಕ್ಕೆ ಸಮಯ ಸಿಗಲಿಲ್ಲ, ಎಡಹೆಗಲಿನ ತುದಿ ನೇರವಾಗಿ ಕಲ್ಲಿನ ಅಂಚಿಗೆ ಬಡಿಯಿತು. ಒಣಗಿದ ಅಡಿಕೆ ಹಾಳೆಯನ್ನು ಮೊಣಕಾಲಿಗಿಟ್ಟು ಮುರಿದಾಗ ಬರುವಂಥ ಸದ್ದೊಂದು ನನ್ನ ಕಿವಿಯ ಕೆಳಗೇ ಆಯಿತು. ನೋವು ಆಮೇಲೆ ಬಂತು, ಸದ್ದು ಮೊದಲು. ಊರಿದ ಅಂಗೈಯ ಮೂಲಕ ಪೆಟ್ಟು ಮೇಲೇರಿ ಈ ಎಲುಬು ಮುರಿಯುತ್ತದೆ ಎಂದು ಹಿಂದೆ ನಂಬಿದ್ದರಂತೆ. ಹೆಚ್ಚಿನವರಲ್ಲಿ ಅದು ಮುರಿಯುವುದು ಹೀಗೆ ಹೆಗಲ ತುದಿಗೇ ನೆಲ ತಾಗಿದಾಗ ಎಂದು ವೈದ್ಯರು ನಂತರ ಹೇಳಿದರು.

ಈ ಎಲುಬು ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಹೇಳದೆ ಬೆಲ್ಟಿನ ಗುಣದೋಷ ಹೇಳಲಾಗುವುದಿಲ್ಲ. ಕೊರಳ ಕುಳಿಯಿಂದ ಹೊರಟು ಎರಡೂ ಹೆಗಲ ಕಡೆಗೆ ಅಡ್ಡಲಾಗಿ ಹೋಗುವ, ತೆಳ್ಳಗಿನವರಲ್ಲಿ ಚರ್ಮದಡಿಯಲ್ಲಿ ಎದ್ದು ಕಾಣುವ, ಸುಮಾರು 15 ಸೆಂಟಿಮೀಟರ್ ಉದ್ದದ ಎಲುಬು ಇದು. ಒಳತುದಿ ಎದೆಚಕ್ಕೆಗೆ, ಹೊರತುದಿ ಹೆಗಲಚಿಪ್ಪಿಗೆ ಸೇರುತ್ತದೆ. ತೋಳಿಗೂ ಮುಂಡಕ್ಕೂ ಎಲುಬಿನ ಮೂಲಕ ಇರುವ ಸಂಬಂಧ ಇದೊಂದೇ. ಉಳಿದದ್ದೆಲ್ಲ ಸ್ನಾಯುಗಳ ಕಟ್ಟು. ಆಯುರ್ವೇದದವರು ಇದನ್ನು ಜತ್ರು ಎಂದೂ ಅಕ್ಷಕ ಎಂದೂ ಕರೆಯುತ್ತಾರೆ, ಜತ್ರುವಿನಿಂದ ಮೇಲಿನ ಕಣ್ಣು, ಕಿವಿ, ಮೂಗು, ಗಂಟಲಿನ ರೋಗಗಳಿಗೆ ಊರ್ಧ್ವಜತ್ರುಗತ ರೋಗಗಳೆಂದು ಹೆಸರಿಟ್ಟು ಶಾಲಾಕ್ಯವೆಂಬ ಪ್ರತ್ಯೇಕ ಶಾಖೆಯನ್ನೇ ಮಾಡಿಕೊಂಡಿದ್ದಾರೆ. ಲ್ಯಾಟಿನ್ನಿನವರಿಗೆ ಇದು ಕ್ಲಾವಿಕುಲಾ, ಅಂದರೆ ಪುಟ್ಟ ಬೀಗದ ಕೈ. ತೋಳನ್ನು ತಲೆಯ ಮೇಲಕ್ಕೆ ಎತ್ತಿದಾಗ ಈ ಎಲುಬು ತನ್ನ ಉದ್ದದ ಸುತ್ತ ನಿಜಕ್ಕೂ ಬೀಗದ ಕೈಯಂತೆ ತಿರುಗುತ್ತದೆ. ಬಲಗೈ ಬೆರಳನ್ನು ಎಡ ಕೊರಳೆಲುಬಿನ ಮೇಲಿಟ್ಟುಕೊಂಡು ಎಡಗೈ ಎತ್ತಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಗರ್ಭದಲ್ಲಿ ಐದು ಆರನೆಯ ವಾರದಲ್ಲೇ, ಉಳಿದೆಲ್ಲ ಎಲುಬುಗಳಿಗಿಂತ ಮೊದಲು ಗಟ್ಟಿಯಾಗತೊಡಗುವ ಈ ಎಲುಬು ಪೂರ್ತಿ ಬೆಳೆದು ಮುಗಿಯುವುದು ಮಾತ್ರ ಇಪ್ಪತ್ತು ದಾಟಿ ಎಷ್ಟೋ ವರ್ಷಗಳಾದ ಮೇಲೆ. ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂತು ಎಲ್ಲರಿಗಿಂತ ಕೊನೆಗೆ ಏಳುವ ನೆಂಟನಂತೆ. ಇದಕ್ಕೆ ಎರಡು ಬಳುಕುಗಳಿವೆ: ಒಳಗಡೆ ಮುಂದಕ್ಕೆ ಉಬ್ಬಿ, ಹೊರಗಡೆ ಹಿಂದಕ್ಕೆ ಬಾಗುತ್ತದೆ. ಆ ಎರಡು ಬಳುಕುಗಳು ಸೇರುವ ನಡುಭಾಗವೇ ಎಲ್ಲಕ್ಕಿಂತ ತೆಳು, ಮೇಲೆ ಸ್ನಾಯುವಿನ ಹೊದಿಕೆಯೂ ಇಲ್ಲ. ಹಾಗಾಗಿ ಕೊರಳೆಲುಬು ಮುರಿದವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿಗೆ ಮುರಿಯುವುದು ಈ ನಡುಭಾಗದಲ್ಲಿಯೇ, ನನಗೂ ಅಲ್ಲಿಯೇ.

ಎಕ್ಸ್‌ರೇಯಲ್ಲಿ ಕಂಡದ್ದನ್ನು ಹೇಳಿದರೆ ಬೆಲ್ಟಿನ ವಿಷಯಕ್ಕೆ ಹೋಗಬಹುದು. ಒಳಗಿನ ತುಂಡು ಮೇಲಕ್ಕೆ ಎದ್ದು ನಿಂತಿತ್ತು, ಹೊರಗಿನ ತುಂಡು ಕೆಳಕ್ಕೆ ಜೋತಿತ್ತು. ಕಿವಿಯ ಹಿಂದಿನಿಂದ ಇಳಿದು ಬರುವ ಕೊರಳಿನ ದಪ್ಪ ಸ್ನಾಯು ಒಳತುಂಡನ್ನು ಮೇಲಕ್ಕೆ ಎಳೆಯುತ್ತದೆ, ತೋಳಿನ ಭಾರ ಹೊರತುಂಡನ್ನು ಕೆಳಕ್ಕೆ ಜಗ್ಗುತ್ತದೆ, ಎದೆಯ ಸ್ನಾಯು ಅದನ್ನೇ ಒಳಕ್ಕೆ ಎಳೆದು ಎರಡು ತುಂಡುಗಳನ್ನು ಒಂದರ ಮೇಲೊಂದು ಹತ್ತಿಸುತ್ತದೆ. ಈ ಮೂರು ಎಳೆತಗಳನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಬೆಲ್ಟು ಎದುರಿಸುತ್ತೇನೆ ಎಂದು ಹೇಳಿಕೊಳ್ಳುವುದು ಇವುಗಳಲ್ಲಿ ಒಂದನ್ನು ಮಾತ್ರ.

ವೈದ್ಯರು ಬೆರಳುಗಳ ಬಣ್ಣ ನೋಡಿದರು, ಮಣಿಕಟ್ಟಿನ ನಾಡಿ ಹಿಡಿದರು, ಬೆರಳು ಮಡಚಿಸಿ ಬಿಡಿಸಿ ಜೋಮು ಇದೆಯೇ ಎಂದು ಕೇಳಿದರು. ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳೂ ನರಗಳ ಗೊಂಚಲೂ ಈ ಎಲುಬಿನ ಕೆಳಗಿನಿಂದಲೇ ಹಾದು ಹೋಗುವುದರಿಂದ, ಶ್ವಾಸಕೋಶದ ತುದಿಯೂ ಅಲ್ಲೇ ಹಿಂದೆ ಇರುವುದರಿಂದ ಇಷ್ಟು ಪರೀಕ್ಷೆ. ಎಲುಬಿನ ಮೊನೆ ಚರ್ಮವನ್ನು ಒಳಗಿನಿಂದ ಗುಡಾರದಂತೆ ಎತ್ತಿ ಬಿಳಿಚಿಸಿದ್ದರೆ ಆ ದಿನವೇ ಬೇರೆ ವಿಚಾರ ಮಾಡಬೇಕಾಗುತ್ತಿತ್ತು ಎಂದರು. ನನಗೆ ಅದೇನೂ ಇರಲಿಲ್ಲ. ಜೋಳಿಗೆ ಕಟ್ಟಿಕೊಳ್ಳಿ, ಬೇಕೆನಿಸಿದರೆ ಎಂಟರಾಕಾರದ ಬೆಲ್ಟನ್ನೂ ಹಾಕಿಕೊಳ್ಳಬಹುದು, ಹತ್ತು ದಿನ ಬಿಟ್ಟು ಬನ್ನಿ ಎಂದು ಬರೆದುಕೊಟ್ಟರು. ‘ಬೇಕೆನಿಸಿದರೆ’ ಎಂಬ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ನೋವಿನಲ್ಲಿರುವವನಿಗೆ ಎಲ್ಲವೂ ಬೇಕೆನಿಸುತ್ತದೆ.

ಎಂಟರಾಕಾರವೆಂಬ ಹೆಸರಿನ ಬಗ್ಗೆ ಒಂದು ಮಾತು. ಬೆಲ್ಟು ಬೆನ್ನಿನ ನಡುವೆ ಹಾಯ್ದು, ಎರಡೂ ಹೆಗಲುಗಳನ್ನು ಸುತ್ತಿ, ಕಂಕುಳಡಿಯಿಂದ ಹಿಂದಕ್ಕೆ ಬರುತ್ತದೆ. ಇಂಗ್ಲಿಷಿನ 8ನ್ನು ಅಡ್ಡ ಮಲಗಿಸಿದಂತೆ. ಮನೆಗೆ ಬಂದು ಇದು ಎಂಟರ ಬೆಲ್ಟು ಎಂದು ಆಯಿಗೆ, ಅಂದರೆ ಅಮ್ಮನಿಗೆ, ವಿವರಿಸಿದಾಗ, ಇಂಗ್ಲಿಷ್ ಅಂಕಿಗಳಿಗೆ ಇನ್ನೂ ಪೂರ್ತಿ ಒಗ್ಗದ ಅವಳು ಕನ್ನಡದ ೮ನ್ನು ನೆನೆದುಕೊಂಡು ಬೆಲ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಎಂಟಲ್ಲ ಮಾರಾಯ, ನಾಕು” ಎಂದಳು. ಅವಳ ಮಾತೇ ಸರಿ. ಪಟ್ಟಿಗಳನ್ನು ಬಿಗಿಯುವ ಮೊದಲು ಬೆಲ್ಟು ನೋಡುವುದಕ್ಕೆ ಥೇಟು ಕನ್ನಡದ ೪, ನಡುವೆ ಹಾಯ್ದ ಗಂಟು, ಮೇಲೆ ಬಿಚ್ಚಿದ ಎರಡು ತೋಳು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ನಾಕರ ಬೆಲ್ಟು ಎಂದೇ ಹೆಸರು.

ಬೆಲ್ಟನ್ನು ಹತ್ತಿರದಿಂದ ನೋಡೋಣ. ಬೆನ್ನಿನ ನಡುವೆ ಅಂಗೈಯಗಲದ ಒಂದು ಗಟ್ಟಿ ತುಂಡು, ಅದಕ್ಕೆ ಹೊಲಿದ ಎರಡು ಹೆಗಲಪಟ್ಟಿಗಳು. ಪಟ್ಟಿಯ ಒಳಗೆ ಬೆರಳು ದಪ್ಪದ ಫೋಮ್, ಮೇಲೆ ಮೈಗೆ ತಾಗುವ ಕಡೆ ಹತ್ತಿ ಬಟ್ಟೆ ಎಂದು ಡಬ್ಬದಲ್ಲಿ ಬರೆದಿದ್ದರೂ ಮುಟ್ಟಿದರೆ ನೈಲಾನಿನ ಜಾರು. ಪಟ್ಟಿಗಳ ತುದಿ ಪ್ಲಾಸ್ಟಿಕ್ ಬಕಲ್ಲಿನ ಮೂಲಕ ಹಾಯ್ದು ವೆಲ್ಕ್ರೋದಿಂದ ಬೆನ್ನ ಮೇಲೆ ಅಂಟಿಕೊಳ್ಳುತ್ತದೆ. ಇದನ್ನು ವಿನ್ಯಾಸ ಮಾಡಿದ ಪುಣ್ಯಾತ್ಮನಿಗೆ ಒಂದು ವಿಷಯ ಹೊಳೆದಂತೆ ಕಾಣುವುದಿಲ್ಲ: ಕೊರಳೆಲುಬು ಮುರಿದವನ ಕೈ ಬೆನ್ನ ಹಿಂದಕ್ಕೆ ಹೋಗುವುದಿಲ್ಲ. ಬಿಗಿ ಹೆಚ್ಚು ಕಡಿಮೆ ಮಾಡಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಒಬ್ಬರೇ ಇರುವವರಿಗೆ, ಮಕ್ಕಳೆಲ್ಲ ಬೆಂಗಳೂರು ಸೇರಿ ಮನೆಯಲ್ಲಿ ಮುದುಕರಿಬ್ಬರೇ ಉಳಿದಿರುವ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಈ ಬೆಲ್ಟು ಆ ಒಂದೇ ಕಾರಣಕ್ಕೆ ಅನುಪಯುಕ್ತ.

ಅಳತೆಯ ವಿಷಯದಲ್ಲಿ ನಾನು ಮೋಸಹೋದೆ ಎನ್ನುವುದಕ್ಕಿಂತ ಉದಾಸೀನ ಮಾಡಿದೆ ಎನ್ನಬೇಕು. ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ‘ಲಾರ್ಜ್ ಸಾಕು’ ಎಂದರು, ನಾನು ತಲೆಯಾಡಿಸಿದೆ. ಡಬ್ಬದ ಹಿಂಬದಿಯಲ್ಲಿ ಕಂಕುಳಡಿಯಿಂದ ಎದೆಯ ಸುತ್ತಳತೆ ತೆಗೆಯಬೇಕೆಂದು ಚಿತ್ರಸಮೇತ ಬರೆದದ್ದನ್ನು ಓದಿದ್ದು ಮನೆಗೆ ಬಂದ ಮೇಲೆ. ನನ್ನ ಅಳತೆಗೆ ಮೀಡಿಯಂ ಬೇಕಿತ್ತು. ದೊಡ್ಡ ಬೆಲ್ಟನ್ನು ಎಷ್ಟು ಬಿಗಿದರೂ ಬೆನ್ನಿನ ಗಟ್ಟಿ ತುಂಡು ಮೇಲಕ್ಕೆ ಹತ್ತಿ ಕತ್ತಿನ ಬುಡಕ್ಕೆ ಬಂದು ಕೂರುತ್ತದೆ, ಹೆಗಲಪಟ್ಟಿ ಹೊರಕ್ಕೆ ಜಾರುವುದರ ಬದಲು ಒಳಕ್ಕೆ ಸರಿದು ಸರಿಯಾಗಿ ಮುರಿದ ಜಾಗದ ಮೇಲೆಯೇ ಒತ್ತುತ್ತದೆ. ಮೂರನೆಯ ದಿನ ಹೋಗಿ ಬದಲಾಯಿಸಿಕೊಡಿ ಎಂದರೆ, ಮೈಗೆ ಹಾಕಿದ ವಸ್ತು ವಾಪಸಿಲ್ಲ ಎಂಬ ಉತ್ತರ ಬಂತು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಕೊನೆಗೆ ನಮ್ಮ ಊರಿನ ದರ್ಜಿಯೇ ಎರಡು ಹೊಲಿಗೆ ಹಾಕಿ ಗಟ್ಟಿ ತುಂಡಿನ ಹತ್ತಿರ ಪಟ್ಟಿಗಳನ್ನು ಮೂರು ಬೆರಳಷ್ಟು ಕಿರಿದುಮಾಡಿಕೊಟ್ಟ, ಮೂವತ್ತು ರೂಪಾಯಿ ತೆಗೆದುಕೊಂಡ. ಇಡೀ ವ್ಯವಹಾರದಲ್ಲಿ ದುಡ್ಡಿಗೆ ತಕ್ಕ ಕೆಲಸವಾದದ್ದು ಅದೊಂದೇ.

ಬೆಲ್ಟಿನ ದೊಡ್ಡ ಶತ್ರು ನಮ್ಮ ಮಳೆ. ಬೆವರೂ ತೇವವೂ ಸೇರಿ ಎರಡೇ ದಿನದಲ್ಲಿ ಫೋಮ್ ಒದ್ದೆಯಾಗಿ ಮುಗ್ಗುಲು ವಾಸನೆ ಹಿಡಿಯಿತು. ತೊಳೆದರೆ ಒಣಗುವುದಕ್ಕೆ ಬಿಸಿಲಿಲ್ಲ. ಬಟ್ಟೆಬರೆಗಳೆಲ್ಲ ಒಣಗುವ ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿದರೆ ಬೆಲ್ಟು ರಾತ್ರಿ ಬೆಳಗಾಗುವುದರಲ್ಲಿ ಒಣಗುತ್ತಿತ್ತು, ಆದರೆ ಹೊಗೆಯ ಶಾಖಕ್ಕೆ ಫೋಮ್ ಕರಟದಂತೆ ಗಡುಸಾಗಿ ಅಂಚುಗಳು ಮುರುಟಿಕೊಂಡವು. ವೆಲ್ಕ್ರೋದ ಕೊಕ್ಕೆಗಳಲ್ಲಿ ಪಂಚೆಯ ನೂಲು, ಟವೆಲ್ಲಿನ ಜುಂಗು, ಎಲ್ಲಿಂದ ಬಂತೋ ಗೊತ್ತಿಲ್ಲ, ಅಡಿಕೆ ಸಿಪ್ಪೆಯ ನಾರು ಸಹ ಸೇರಿಕೊಂಡು ಎರಡನೆಯ ವಾರದ ಹೊತ್ತಿಗೆ ಅಂಟುವ ಶಕ್ತಿ ಅರ್ಧಕ್ಕೆ ಇಳಿಯಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಸ್ವಲ್ಪ ಸರಿಹೋಗುತ್ತದೆ. ಒಳಗೊಂದು ಹಳೆಯ ಬನಿಯನ್ನು ಹಾಕಿಕೊಂಡು, ಅದರ ಮೇಲೆ ಬೆಲ್ಟು ಕಟ್ಟಿ, ಬನಿಯನ್ನನ್ನು ದಿನಕ್ಕೆರಡು ಸಲ ಬದಲಿಸುವುದೇ ಕೊನೆಗೆ ನಾವು ಕಂಡುಕೊಂಡ ಉಪಾಯ.

ನನಗೆ ವಿಶೇಷವಾಗಿ ಕಾಡಿದ ಇನ್ನೊಂದು ಸಂಗತಿಯಿದೆ. ಜನಿವಾರ ಎಡಹೆಗಲಿನ ಮೇಲಿನಿಂದ ಇಳಿಯುವುದು ನೇರವಾಗಿ ಕೊರಳೆಲುಬಿನ ನಡುಭಾಗವನ್ನು ದಾಟಿಯೇ. ಬೆಲ್ಟಿನ ಮೆತ್ತೆಯ ಕೆಳಗೆ ಸಿಕ್ಕಿಕೊಂಡ ಆ ನೂಲು ಎರಡೇ ದಿನಕ್ಕೆ ಊದಿಕೊಂಡಿದ್ದ ಚರ್ಮದ ಮೇಲೆ ಕೆಂಪು ಗೀರು ಬರೆಯಿತು. ಅದನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡು ಆರು ವಾರ ಕಳೆದೆ. ಹೆಂಗಸರಿಗೆ ಒಳ ಉಡುಪಿನ ಪಟ್ಟಿಯೂ ಅದೇ ಜಾಗದಲ್ಲಿ ಹಾಯುವುದರಿಂದ ಇದೇ ತೊಂದರೆ ಆಗುತ್ತದೆಂದು, ಹಿಂದೊಮ್ಮೆ ಸ್ಕೂಟಿಯಿಂದ ಬಿದ್ದು ಇದೇ ಎಲುಬು ಮುರಿದುಕೊಂಡಿದ್ದ ನಮ್ಮ ನೆಂಟರೊಬ್ಬರು ಹೇಳಿದರು. ಡಬ್ಬದ ಮೇಲಿನ ಸೂಚನೆಯಲ್ಲಿ ಇದರ ಸುದ್ದಿಯೇ ಇಲ್ಲ.

ಕಂಕುಳಿನ ಒತ್ತಡ ಮಾತ್ರ ಬರಿಯ ಕಿರಿಕಿರಿಯ ವಿಷಯವಲ್ಲ. ಪಟ್ಟಿ ಕಂಕುಳಡಿಯಿಂದ ಹಾಯುವುದರಿಂದ ಬಿಗಿ ಹೆಚ್ಚಾದರೆ ಅಲ್ಲಿನ ನರಕ್ಕೂ ರಕ್ತನಾಳಕ್ಕೂ ಒತ್ತಡ ಬೀಳುತ್ತದೆ. ಐದನೆಯ ದಿನ ಬೆಳಗ್ಗೆ ಎದ್ದಾಗ ಎಡಗೈಯ ಬೆರಳುಗಳು ಊದಿಕೊಂಡು, ಉಂಗುರದ ಬೆರಳಿಗೂ ಕಿರುಬೆರಳಿಗೂ ಜೋಮು ಹಿಡಿದಿತ್ತು. ಪಟ್ಟಿ ಸಡಿಲಿಸಿದ ಕಾಲುಗಂಟೆಯಲ್ಲಿ ಸರಿಹೋಯಿತಾದರೂ, ಅಂದೇ ವೈದ್ಯರಿಗೆ ಫೋನ್ ಮಾಡಿದೆ. ಪಟ್ಟಿಗೂ ಕಂಕುಳಿಗೂ ನಡುವೆ ಎರಡು ಬೆರಳು ಸುಲಭವಾಗಿ ತೂರಬೇಕು, ಬೆರಳು ನೀಲಿಗಟ್ಟಿದರೆ ಅಥವಾ ತಣ್ಣಗಾದರೆ ತಡಮಾಡದೆ ಬಿಚ್ಚಿ ಬರಬೇಕು ಎಂದರು. ಆದರೆ ಎರಡು ಬೆರಳು ತೂರುವಷ್ಟು ಸಡಿಲಿಸಿದ ಬೆಲ್ಟು ಹೆಗಲನ್ನು ಹಿಂದಕ್ಕೆ ಎಳೆಯುವುದು ಎಷ್ಟರಮಟ್ಟಿಗೆ? ಅಲ್ಲಿಂದ ನನ್ನ ಸಂಶಯ ಶುರುವಾಯಿತು.

‘ಮುರಿದ ಎಲುಬನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡುತ್ತದೆ’ ಎಂಬುದು ಡಬ್ಬದ ಮೇಲಿನ ಮಾತು. ಈ ಆಲೋಚನೆ ಇಂದು ನಿನ್ನೆಯದಲ್ಲ. ಎಡ್ವಿನ್ ಸ್ಮಿತ್ ಪಪೈರಸ್ ಎಂದು ಹೆಸರಾದ, ಕ್ರಿಸ್ತಪೂರ್ವ 1600ರ ಸುಮಾರಿಗೆ ಬರೆದ ಈಜಿಪ್ಟಿನ ವೈದ್ಯಗ್ರಂಥದಲ್ಲಿ ಕೊರಳೆಲುಬು ಮುರಿದವನನ್ನು ಅಂಗಾತ ಮಲಗಿಸಿ, ಎರಡು ಹೆಗಲಚಿಪ್ಪುಗಳ ನಡುವೆ ಮಡಚಿದ ಬಟ್ಟೆಯಂಥದ್ದೇನನ್ನೋ ಇಟ್ಟು, ಹೆಗಲುಗಳನ್ನು ಎರಡೂ ಕಡೆಗೆ ಅಗಲಿಸಿ ಮುರಿತವನ್ನು ಜಾಗಕ್ಕೆ ಕೂರಿಸಬೇಕೆಂಬ ವಿಧಿಯಿದೆ. ಎಂಟರ ಬೆಲ್ಟು ಮಾಡಹೊರಡುವುದೂ ಅದನ್ನೇ, ಮಲಗಿಸದೆ. ಹೆಗಲನ್ನು ಹಿಂದಕ್ಕೆಳೆದರೆ ಒಂದರ ಮೇಲೊಂದು ಹತ್ತಿದ ತುಂಡುಗಳು ಬಿಡಿಸಿಕೊಳ್ಳಬೇಕೆಂಬುದು ಲೆಕ್ಕ. ಆದರೆ ಒಳತುಂಡನ್ನು ಮೇಲಕ್ಕೆಳೆಯುವ ಕೊರಳ ಸ್ನಾಯುವನ್ನು ಬೆಲ್ಟು ಮುಟ್ಟುವುದೇ ಇಲ್ಲ, ಹೊರತುಂಡನ್ನು ಕೆಳಗೆ ಜಗ್ಗುವ ತೋಳಿನ ಭಾರವನ್ನು ಹೊರುವುದೂ ಇಲ್ಲ. ಡೆನ್ಮಾರ್ಕಿನ ವೈದ್ಯರು 1987ರಲ್ಲಿ ಎಂಟರ ಪಟ್ಟಿಯನ್ನೂ ಸಾದಾ ಜೋಳಿಗೆಯನ್ನೂ ಹೋಲಿಸಿ 61 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಜೋಳಿಗೆಯವರಿಗೆ ಕಿರಿಕಿರಿ ಕಡಿಮೆಯಾಗಿತ್ತು. ಕೈಯ ಕೆಲಸದಲ್ಲಿಯೂ ನೋಟದಲ್ಲಿಯೂ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನ ತುಂಡುಗಳು ಎಷ್ಟು ಸರಿದಿದ್ದವೋ ಕೂಡಿಕೊಂಡಾಗಲೂ ಅಷ್ಟೇ ಸರಿದಿದ್ದವು. ಅಂದರೆ ಬೆಲ್ಟು ಎಲುಬನ್ನು ನೇರಮಾಡಿರಲಿಲ್ಲ. ನನ್ನ ಮೊದಲ ದಿನದ ಮತ್ತು ಆರನೆಯ ವಾರದ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅದೇ ಕತೆ: ತುಂಡುಗಳು ನಿಂತಲ್ಲೇ ನಿಂತು ಕೂಡಿಕೊಂಡಿವೆ.

ಹಾಗಾದರೆ ಬೆಲ್ಟಿನಿಂದ ಏನೂ ಉಪಯೋಗವಾಗಲಿಲ್ಲವೇ ಎಂದರೆ, ಆಯಿತು. ಮೊದಲ ವಾರ ನೋವಿಗೆ ಹೆದರಿ ಮೈಯೆಲ್ಲ ಮುದುಡಿಕೊಂಡು, ಚಳಿಗೆ ಕಂಬಳಿ ಹೊದ್ದವನ ಹಾಗೆ ಗೂನು ಬೆನ್ನು ಮಾಡಿಕೊಂಡು ಕೂರುವುದು ಅಭ್ಯಾಸವಾಗುತ್ತದೆ. ಬೆಲ್ಟು ಹಾಕಿದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಮಲಗಿದಲ್ಲಿಂದ ಏಳುವಾಗ ಮುರಿದ ತುದಿಗಳು ಒಂದಕ್ಕೊಂದು ಉಜ್ಜಿದಂತಾಗುವ, ಹಲ್ಲು ಜುಮ್ಮೆನ್ನುವ ಆ ಅನುಭವವೂ ಬೆಲ್ಟಿದ್ದಾಗ ಕಡಿಮೆಯಿತ್ತು. ಡಬ್ಬದ ಮೇಲೆ ಬರೆಯದ ಕೆಲಸ ಎಂದು ಮೊದಲೇ ಹೇಳಿದ್ದು ಇದನ್ನೇ. ಈ ಕಾರಣಕ್ಕಾಗಿ ಇದನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಜೋಳಿಗೆಯ ವಿಮರ್ಶೆ ಬೇಗ ಮುಗಿಯುತ್ತದೆ. ನೀಲಿ ಬಟ್ಟೆಯ ಚೀಲ, ಒಂದು ಉದ್ದ ಪಟ್ಟಿ, ಹೆಬ್ಬೆರಳಿಗೊಂದು ಕುಣಿಕೆ. ತೋಳಿನ ಭಾರವನ್ನು ಬಲಹೆಗಲಿಗೆ ವರ್ಗಾಯಿಸುತ್ತದೆ, ಹಾಕಿಕೊಂಡ ಕ್ಷಣವೇ ನೋವು ಅರ್ಧಕ್ಕೆ ಇಳಿಯುತ್ತದೆ. ಒಂದೇ ಕೈಯಲ್ಲಿ ಹಾಕಿ ತೆಗೆಯಬಹುದು, ತೊಳೆದರೆ ಒಲೆಯ ಮೇಲೆ ಒಂದು ಗಂಟೆಗೆ ಒಣಗುತ್ತದೆ. ಪಟ್ಟಿ ಕತ್ತಿನ ಹಿಂಭಾಗವನ್ನು ಕೊರೆಯುವುದು ಇದರ ದೋಷ. ಮಡಚಿದ ಕರವಸ್ತ್ರವೊಂದು ಅದಕ್ಕೆ ಸಾಕು. ಮೊಣಕೈ ಚೀಲದ ಮೂಲೆಯವರೆಗೆ ಹೋಗಿ ಕೂರಬೇಕು, ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಬೇಕು. ಅಂಗೈ ಜೋತುಬಿದ್ದರೆ ಬೆರಳು ಊದುತ್ತದೆ. ಜೋಳಿಗೆಯಲ್ಲಿದ್ದಾಗಲೂ ಬೆರಳು, ಮಣಿಕಟ್ಟು, ಮೊಣಕೈಗಳನ್ನು ದಿನಕ್ಕೆ ನಾಲ್ಕಾರು ಸಲ ಆಡಿಸದಿದ್ದರೆ ಎಲುಬು ಕೂಡುವ ಹೊತ್ತಿಗೆ ಕೀಲುಗಳು ಹಿಡಿದುಕೊಂಡಿರುತ್ತವೆ.

ಎರಡನ್ನೂ ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಶಿರಸಿ-ಕುಮಟೆ ದಾರಿಯ ದೇವಿಮನೆ ಘಾಟು. ಮುರಿದ ತುಂಡುಗಳಿಗೆ ಪ್ಲೇಟು ಹಾಕಿಸುವುದೇ ಲೇಸೆಂದು ಮಗ ಹಟ ಹಿಡಿದದ್ದರಿಂದ, ಎರಡನೆಯ ಅಭಿಪ್ರಾಯ ಕೇಳುವುದಕ್ಕೆ ಹನ್ನೆರಡನೆಯ ದಿನ ಕಾರಿನಲ್ಲಿ ಕುಮಟೆಗಿಳಿದು ಕಾರವಾರಕ್ಕೆ ಹೋದೆವು. ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದಾಗ, ಕಾರಿನ ಬೆಲ್ಟನ್ನು ಹೇಳುತ್ತಿದ್ದೇನೆ, ಅದು ಎಡಹೆಗಲಿನಿಂದಿಳಿದು ಮುರಿದ ಜಾಗದ ಮೇಲೆಯೇ ಕೂತಿತು. ನಮ್ಮ ದೇಶದ ಕಾರುಗಳಲ್ಲಿ ಚಾಲಕನ ಪಕ್ಕದವನಿಗೆ ಎಡಹೆಗಲಿನ ಮೇಲಿನಿಂದಲೂ, ಚಾಲಕನ ಹಿಂದೆ ಕೂರುವವನಿಗೆ ಬಲಹೆಗಲಿನ ಮೇಲಿನಿಂದಲೂ ಬೆಲ್ಟು ಬರುತ್ತದೆ. ಹಿಂದಿನ ಬಲಸೀಟಿಗೆ ಬದಲಾಯಿಸಿಕೊಂಡೆ. ಶಿರಸಿಯಿಂದ ಘಾಟಿಯ ತಲೆಯವರೆಗೆ ಎಂಟರ ಬೆಲ್ಟು ಮಾತ್ರ ಹಾಕಿಕೊಂಡು ಜೋಳಿಗೆಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಪ್ರತಿ ಗುಂಡಿಗೂ ತೋಳು ಕೆಳಕ್ಕೆ ಕುಕ್ಕಿದಂತಾಗಿ ಕಣ್ಣಲ್ಲಿ ನೀರು ಬಂತು. ತಿರುವುಗಳು ಶುರುವಾಗುವ ಮೊದಲು ಬೆಲ್ಟು ಬಿಚ್ಚಿ ಜೋಳಿಗೆ ಕಟ್ಟಿಕೊಂಡೆ, ಮೊಣಕೈಯಡಿಗೆ ಒಂದು ದಿಂಬಿಟ್ಟುಕೊಂಡೆ. ಕುಮಟೆ ತಲುಪುವವರೆಗೆ ಒಂದೆರಡು ಸಲ ಮಾತ್ರ ‘ಅಯ್ಯೋ’ ಎಂದೆನಂತೆ. ಅಂಕೋಲೆ ದಾಟಿ ಸಮುದ್ರ ಕಾಣುವ ಹೊತ್ತಿಗೆ ತೂಕಡಿಸುತ್ತಿದ್ದೆ.

ಕಾರವಾರದಲ್ಲಿ ನೋಡಿದ ವೈದ್ಯರು ಪ್ಲೇಟಿನ ವಿಷಯವನ್ನು ಸಾವಧಾನವಾಗಿ ವಿವರಿಸಿದರು. ಎಲುಬು ಚರ್ಮ ಸೀಳಿ ಹೊರಬಂದಿದ್ದರೆ, ನರ ಅಥವಾ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ತುಂಡುಗಳು ಪೂರ್ತಿ ಬೇರೆಯಾಗಿ ಎಲುಬು ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ ಅದರ ಬಗ್ಗೆ ಯೋಚಿಸಬೇಕು. 1960ರ ದಶಕದಲ್ಲಿ ಈ ಎಲುಬು ಬಿಟ್ಟರೂ ಕೂಡಿಯೇ ಕೂಡುತ್ತದೆ ಎಂಬ ಭರವಸೆ ಬಲವಾಗಿತ್ತು. 2007ರಲ್ಲಿ ಕೆನಡಾದ ವೈದ್ಯರು, ತುಂಡುಗಳು ಪೂರ್ತಿ ಸರಿದಿದ್ದ 132 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಪ್ಲೇಟು ಹಾಕಿಸಿಕೊಂಡವರಲ್ಲಿ ಕೂಡದೆ ಉಳಿಯುವುದೂ ಓರೆಯಾಗಿ ಕೂಡುವುದೂ ಕಡಿಮೆಯೆಂದು ಕಂಡ ಮೇಲೆ ಆ ಭರವಸೆಗೆ ಸ್ವಲ್ಪ ಕಡಿವಾಣ ಬಿತ್ತು. ಅದೇ ಅಧ್ಯಯನದಲ್ಲಿ ಪ್ಲೇಟಿನ ಗಾಯ ಸೋಂಕಾದವರೂ, ಪ್ಲೇಟು ಚರ್ಮಕ್ಕೆ ಒತ್ತಿ ಮತ್ತೆ ತೆಗೆಸಬೇಕಾದವರೂ ಇದ್ದರು. ನನ್ನ ಎಲುಬು ಗಿಡ್ಡವಾದದ್ದು ಒಂದು ಸೆಂಟಿಮೀಟರಿಗೂ ಕಡಿಮೆ. ಜೋಳಿಗೆ ಸಾಕು, ಎಂಟರ ಬೆಲ್ಟನ್ನು ನಿಮಗೆ ಹಿತವಾದಷ್ಟು ದಿನ ಮಾತ್ರ ಹಾಕಿ, ಬೀಡಿ ಸಿಗರೇಟು ಇದ್ದರೆ ಬಿಡಿ, ಅದು ಎಲುಬು ಕೂಡುವುದನ್ನು ತಡೆಯುತ್ತದೆ ಎಂದರು. ಆ ಭೇಟಿಯಾದ ಆರನೆಯ ದಿನ ನಾನು ಬಿಟ್ಟದ್ದು ಬೆಲ್ಟನ್ನು. ಸಿಗರೇಟು ನನಗೆ ಮೊದಲಿನಿಂದಲೂ ಇರಲಿಲ್ಲ.

ಈ ನಡುವೆ ಮನೆಗೆ ಬಂದವರೆಲ್ಲ ನಾಟಿ ವೈದ್ಯರೊಬ್ಬರ ಹೆಸರು ಹೇಳದೆ ಹೋಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲುಬು ಕಟ್ಟುವವರ ಮೇಲಿನ ನಂಬಿಕೆ ಹಳೆಯದು, ಅದನ್ನು ಹಗುರವಾಗಿ ಆಡುವುದು ನನ್ನ ಉದ್ದೇಶವಲ್ಲ. ಆದರೆ ಕೈಕಾಲಿನ ಎಲುಬಿಗೆ ಸುತ್ತಲೂ ಬಿದಿರ ದಬ್ಬೆಯಿಟ್ಟು ಬಿಗಿದಂತೆ ಕೊರಳೆಲುಬಿಗೆ ಬಿಗಿಯಲಾಗುವುದಿಲ್ಲ, ಅದರ ಹಿಂಬದಿಯಲ್ಲಿ ದಬ್ಬೆ ಇಡುವುದಕ್ಕೆ ಜಾಗವೇ ಇಲ್ಲ. ಹೊಸದಾಗಿ ಮುರಿದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದಂತೂ, ಕೆಳಗೆ ರಕ್ತನಾಳಗಳಿರುವಾಗ, ಅಪಾಯದ ಕೆಲಸ.

ಆರನೆಯ ವಾರದ ಎಕ್ಸ್‌ರೇಯಲ್ಲಿ ಮುರಿತದ ಸುತ್ತ ಮೋಡದಂತೆ ಹೊಸ ಎಲುಬು ಕಟ್ಟಿಕೊಂಡದ್ದು ಕಂಡಿತು. ದೊಡ್ಡವರಿಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ನಮ್ಮ ಪಕ್ಕದ ಮನೆಯ ಎಂಟು ವರ್ಷದ ಹುಡುಗ ಗೇರುಮರದಿಂದ ಬಿದ್ದು ಇದೇ ಎಲುಬು ಮುರಿದುಕೊಂಡಾಗ ನಾಲ್ಕನೆಯ ವಾರಕ್ಕೆ ಮತ್ತೆ ಅದೇ ಮರದ ಬುಡದಲ್ಲಿದ್ದ. ಜೋಳಿಗೆ ತೆಗೆದ ಮೇಲೆ ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವ, ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವ ವ್ಯಾಯಾಮಗಳನ್ನು ಮಾಡಿದೆ. ಮೂರು ತಿಂಗಳವರೆಗೆ ಭಾರ ಎತ್ತಬಾರದೆಂದಿದ್ದರಿಂದ ಆ ವರ್ಷದ ಅಡಿಕೆಗೊನೆ ಕೊಯ್ಲಿನಲ್ಲಿ ನನ್ನ ಪಾಲಿಗೆ ಬಂದದ್ದು ಲೆಕ್ಕ ಬರೆಯುವ ಕೆಲಸ. ಮುರಿದ ಜಾಗದಲ್ಲಿ ಈಗ ಗೋಲಿಯಷ್ಟು ಗಂಟಿದೆ, ಜನಿವಾರ ಅದರ ಮೇಲೆ ಹಾಯ್ದು ಸ್ವಲ್ಪ ಪಕ್ಕಕ್ಕೆ ಸರಿದು ಇಳಿಯುತ್ತದೆ. ನೋವಿಲ್ಲ, ಕೈ ತಲೆಯ ಮೇಲಕ್ಕೆ ಸರಾಗವಾಗಿ ಹೋಗುತ್ತದೆ.

ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನೂಲಿನಿಂದ ಕಂಕುಳಡಿಯ ಸುತ್ತಳತೆ ತೆಗೆದುಕೊಂಡು ಹೋಗಬೇಕು, ಅಂಗಿಯ ಮೇಲೆಯೇ ಒಮ್ಮೆ ಹಾಕಿಸಿ ನೋಡಬೇಕು, ಬಕಲ್ಲು ಮುಂದಕ್ಕೆ ಬರುವಂಥ ಬೆಲ್ಟು ಸಿಕ್ಕಿದರೆ ಅದನ್ನೇ ಆರಿಸಬೇಕು. ಜೋಳಿಗೆಯನ್ನು ಎರಡು ತರುವುದು ಒಳ್ಳೆಯದು, ಒಂದು ಒಲೆಯ ಮೇಲೆ ಒಣಗುವಾಗ ಇನ್ನೊಂದು ಬೇಕಾಗುತ್ತದೆ. ನಮ್ಮ ಜೋಳಿಗೆ ಒಗೆದು ಮಡಚಿಟ್ಟಿದ್ದು ಈಗ ಮೂರನೆಯವರ ಮನೆಯಲ್ಲಿದೆ. ನಾಕರ ಬೆಲ್ಟನ್ನು ಯಾರೂ ಕೇಳಲಿಲ್ಲ. ಈ ಸಲ ಮದ್ದು ಹೊಡೆಯುವ ಮೊದಲು ಆಯಿ ಅದರ ಎರಡು ಮೆತ್ತೆಗಳನ್ನು ಬಿಚ್ಚಿ, ಬೆನ್ನಿಗೆ ಹೊರುವ ಪಂಪಿನ ಹೆಗಲಪಟ್ಟಿಗೆ ಸುತ್ತಿ ಹೊಲಿದು ನನ್ನ ಮಗನಿಗೆ ಕೊಟ್ಟಿದ್ದಾಳೆ. ಮೆಟ್ಟಿಲಿಗೆ ಸುಣ್ಣವನ್ನೂ ಎರಚಿಸಿದ್ದಾಳೆ.